ಕಂಬದ ಹಿಂದಿನ ದಾನಿ

ದೇವರ ಮುಂದೆ ಎಲ್ಲರೂ ಸಮಾನರು ಎಂಬ ಮಾತನ್ನು ನಮ್ಮ ಚರ್ಚಿನ ಸಭೆ ಮನಸಾರೆ ಒಪ್ಪುತ್ತದೆ. ಬೆಂಚುಗಳು ಮಾತ್ರ ಒಪ್ಪುವುದಿಲ್ಲ. ಮುಂದಿನ ಬೆಂಚುಗಳಿಗೆ ಒರಗು ಇದೆ, ಮೆತ್ತೆ ಇದೆ, ನೆತ್ತಿಯ ಮೇಲೆ ಫ್ಯಾನು ಇದೆ. ನಡುವಿನ ಬೆಂಚುಗಳಿಗೆ ಒರಗು ಇದೆ. ಹಿಂದಿನ ಬೆಂಚುಗಳಿಗೆ ದೇವರಿದ್ದಾನೆ. ಯಾರು ಎಲ್ಲಿ ಕೂರಬೇಕೆಂದು ಯಾರೂ ಬೋರ್ಡು ಹಾಕಿಲ್ಲ. ಆದರೂ ಪ್ರತಿ ಭಾನುವಾರ ಜನ ತಮ್ಮ ತಮ್ಮ ಚಪ್ಪಲಿಯ ಬೆಲೆಗೆ ತಕ್ಕ ಜಾಗವನ್ನು ತಾವೇ ಹುಡುಕಿಕೊಂಡು ಹೋಗಿ ಕೂರುತ್ತಾರೆ. ಇದನ್ನು ನಾವು ಶಿಸ್ತು ಎಂದು ಕರೆಯುತ್ತೇವೆ.

ಹಿಂದಿನ ಬೆಂಚುಗಳಲ್ಲೂ ತೀರಾ ಹಿಂದಿನದೊಂದು ಜಾಗವಿದೆ. ಅದರ ಮುಂದೆ ಸರಿಯಾಗಿ ಒಂದು ದಪ್ಪ ಕಂಬ. ಅಲ್ಲಿ ಕೂತವನಿಗೆ ಉಪದೇಶಪೀಠ ಕಾಣದು, ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಕಾಣರು. ಗೋಡೆಯ ಸ್ಪೀಕರು ಕೆಟ್ಟು ಹೋಗಿ ಎಷ್ಟೋ ಕಾಲವಾಗಿದ್ದರಿಂದ ಪ್ರಸಂಗವೂ ಸರಿಯಾಗಿ ಕೇಳಿಸದು. ಈ ಜಾಗ ಲಿಫ್ಟಪ್ಪನದು.

ಏಳಂತಸ್ತಿನ ಸರ್ಕಾರಿ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸುವುದು ಅವನ ಕೆಲಸ. ಸಣ್ಣ ಸ್ಟೂಲಿನ ಮೇಲೆ ಕೂತು, ಜಾಲರಿ ಬಾಗಿಲು ಎಳೆದು, ಯಾರು ಎಲ್ಲಿಗೆ ಎಂದರೆ ಅಲ್ಲಿಗೆ ಒಯ್ಯುತ್ತಿದ್ದ. ದಿನವಿಡೀ ಮೇಲೇರುತ್ತಲೇ ಇದ್ದರೂ ಜೀವನದಲ್ಲಿ ಒಂದು ಮೆಟ್ಟಿಲೂ ಮೇಲೇರದ ಮನುಷ್ಯ. ಮೂಗಿನ ಮುಂದೆ ಗೋಡೆಯಿಟ್ಟುಕೊಂಡು ಕೂರುವುದು ಅಭ್ಯಾಸವಾಗಿ ಹೋಗಿತ್ತಾದ್ದರಿಂದ ಆರಾಧನೆಯಲ್ಲೂ ಕಂಬ ಅವನಿಗೆ ತೊಂದರೆ ಕೊಡಲಿಲ್ಲ. ಅವನು ತನ್ನದೇ ಒಂದು ಉಪಾಯ ಕಂಡುಕೊಂಡಿದ್ದ.

ಕಂಬದ ಪಕ್ಕದಿಂದ ಅವನಿಗೆ ಕಾಣುತ್ತಿದ್ದದ್ದು ಒಂದೇ ಒಂದು: ಮರದ ಸಾಹುಕಾರರ ಬೆನ್ನು. ಊರಿನ ದೊಡ್ಡ ಮರದ ಡಿಪೊ ಅವರದು. ಅವರ ಯೋಗ್ಯತೆಗೆ ಮೊದಲನೆಯ ಬೆಂಚೇ ಸಲ್ಲಬೇಕು. ಆದರೂ ಅವರು ನಡುವಿನ ಬೆಂಚಿನ ತುದಿಯಲ್ಲಿ, ಪಕ್ಕದ ಬಾಗಿಲಿಗೆ ಅಂಟಿಕೊಂಡಂತೆ ಕೂರುತ್ತಿದ್ದರು. ಸಭೆ ಅದನ್ನು ಅವರ ವಿನಯ ಎಂದು ತಿಳಿದಿತ್ತು. ಲಿಫ್ಟಪ್ಪನಿಗೆ ಆ ಬೆನ್ನೇ ಆರಾಧನೆಯ ಕ್ರಮ. ಬೆನ್ನು ಎದ್ದರೆ ಕೀರ್ತನೆ. ಬಾಗಿದರೆ ಪ್ರಾರ್ಥನೆ. ನಿಧಾನವಾಗಿ ಒಂದು ಬದಿಗೆ ವಾಲಿದರೆ ಪ್ರಸಂಗ ಶುರುವಾಗಿದೆ ಎಂದು ಅರ್ಥ.

ಹೀಗೆ ಎಲ್ಲ ಸುಖವಾಗಿಯೇ ನಡೆಯುತ್ತಿತ್ತು, ಗೆದ್ದಲು ಬರುವವರೆಗೆ.

ಗೆದ್ದಲು ಬಂದದ್ದು ಚಾವಣಿಯ ತೊಲೆಗೆ. ಅದಕ್ಕೂ ನಮ್ಮ ಶಿಸ್ತು ತಿಳಿದಿತ್ತೆಂದು ಕಾಣುತ್ತದೆ, ಹಿಂದಿನ ಬೆಂಚುಗಳ ಮೇಲಿನ ತೊಲೆಯನ್ನೇ ಆರಿಸಿಕೊಂಡಿತು. ಪ್ರಾರ್ಥನೆಗೆ ತಲೆ ಬಾಗಿಸಿದವರ ಕತ್ತಿನ ಮೇಲೆ ಹಿಟ್ಟಿನಂಥ ಪುಡಿ ಸಣ್ಣಗೆ ಉದುರುತ್ತಿತ್ತು. ಅಯ್ಯನವರು ಕೊಡುವುದರ ಬಗ್ಗೆ ಭಾನುವಾರದ ಮೇಲೆ ಭಾನುವಾರ ಪ್ರಸಂಗ ಮಾಡಿದರು. ಜನ ತಲೆದೂಗಿದರು. ಕಣ್ಣೊರೆಸಿಕೊಂಡರು. ಕಾಣಿಕೆಯ ಚೀಲ ಮಾತ್ರ ಹೋದಷ್ಟೇ ಹಗುರವಾಗಿ ತಿರುಗಿ ಬಂತು. ಕೆಂಪು ಮಖಮಲ್ಲಿನ, ಉದ್ದ ಹಿಡಿಯ, ಆಳವಾದ ಚೀಲ ಅದು. ಮುಷ್ಟಿ ಕಟ್ಟಿದ ಕೈ ಒಳಗೆ ಹೋಗುತ್ತದೆ, ಬಿಚ್ಚಿದ ಕೈ ಹೊರಗೆ ಬರುತ್ತದೆ. ನಡುವೆ ಏನಾಯಿತೆಂಬುದು ಆ ಕೈಗೂ ದೇವರಿಗೂ ಬಿಟ್ಟ ವಿಷಯ. ಒಂದು ಭಾನುವಾರ ಚೀಲ ಬೋರಲು ಹಾಕಿದಾಗ ಅಂಗಿಯ ಗುಂಡಿಗಳು ಬಿದ್ದವು.

ಸಭೆಯ ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ತರರು. ಅವರು ಗುಂಡಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು.

“ಅಯ್ಯನವರೇ, ಕೂತಿರೋ ಜನ ಕೊಡಲ್ಲ. ಎಬ್ಬಿಸಿ ನಿಲ್ಲಿಸ್ಬೇಕು.”

“ಕೊಡೋದು ಮನಸ್ಸಿಂದ ಬರ್ಬೇಕು ಮಾಸ್ತರೇ.”

“ಮನಸ್ಸಿಂದ ಏನು ಬಂದಿದೆ ಅಂತ ನೀವೇ ನೋಡಿ. ಇದು ಕೋಟಿಂದು. ಇದು ತೋಳಿಂದು. ಇದು ಎಲ್ಲಿಂದು ಅಂತ ಹೇಳೋಕೆ ನಂಗೆ ನಾಚಿಕೆ.”

ಅಯ್ಯನವರು ಗುಂಡಿಗಳನ್ನು ನೋಡಿದರು. ಆಗಲಿ ಎಂಬಂತೆ ತಲೆಯಾಡಿಸಿದರು.

ಮುಂದಿನ ವಾರ ಆರಾಧನೆಯ ಕೊನೆಯಲ್ಲಿ ಹೆಡ್‌ಮಾಸ್ತರರು ಎದ್ದು ಬಂದು ಗಂಟಲು ಸರಿಮಾಡಿಕೊಂಡರು. ಯಾರೂ ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ, ಎದ್ದು ನಿಂತರೆ ಸಾಕು ಎಂದರು. ಮೊದಲು ದೊಡ್ಡ ಕಾಣಿಕೆ ಕೇಳುತ್ತೇನೆ, ಆಮೇಲೆ ಸಣ್ಣದಕ್ಕೆ ಇಳಿಯುತ್ತೇನೆ ಎಂದರು.

“ತಮ್ಮ ಒಂದು ತಿಂಗಳ ಪೂರ್ತಿ ಆದಾಯವನ್ನ ಚಾವಣಿಗೆ ಕೊಡೋರು ಎದ್ದು ನಿಲ್ಲಿ!”

ಇಡೀ ಸಭೆ ತನ್ನ ಹೆಬ್ಬೆರಳುಗಳನ್ನು ನೋಡಿಕೊಂಡಿತು. ಅಷ್ಟೊಂದು ಜನ ಅಷ್ಟೊಂದು ಭಕ್ತಿಯಿಂದ ತಮ್ಮ ಕಾಲನ್ನು ನೋಡಿಕೊಂಡದ್ದು ನಮ್ಮ ಸಭೆಯ ಚರಿತ್ರೆಯಲ್ಲೇ ಇಲ್ಲ.

ಆ ಗಳಿಗೆಯಲ್ಲಿ ಮರದ ಸಾಹುಕಾರರು ಎದ್ದರು. ಎದ್ದದ್ದು ಕೊಡಲಿಕ್ಕಲ್ಲ. ಕಾಣಿಕೆಯ ಮಾತು ಬಂದಾಗಲೆಲ್ಲ ಅವರಿಗೆ ಹೊರಗೆ ತುರ್ತು ಕೆಲಸ ಬರುತ್ತಿತ್ತು. ಪಕ್ಕದ ಬಾಗಿಲ ಬಳಿ ಕೂರುವ ವಿನಯದ ಒಳಗುಟ್ಟು ಅದು. ಎದ್ದವರು ಕಣ್ಣುರೆಪ್ಪೆ ಮುಚ್ಚಿ ತೆಗೆಯುವುದರೊಳಗೆ ಬಾಗಿಲು ದಾಟಿದರು. ಎಲ್ಲರ ಕಣ್ಣೂ ಕಾಲಿನ ಮೇಲಿದ್ದುದರಿಂದ ಯಾರೂ ಅವರನ್ನು ನೋಡಲಿಲ್ಲ.

ಕಂಬದ ಹಿಂದಿನವನೊಬ್ಬ ನೋಡಿದ. ಬೆನ್ನು ಎದ್ದಿತು. ಪ್ರತಿ ವಾರವೂ ಅದು ಚೀಲದ ಹೊತ್ತಿಗೆ, ಕೊನೆಯ ಕೀರ್ತನೆಗೆ ತುಸು ಮೊದಲು, ಹೀಗೆಯೇ ಏಳುತ್ತಿತ್ತು. ಎಂದರೆ ಕೊನೆಯ ಕೀರ್ತನೆ. ಲಿಫ್ಟಪ್ಪ ಎದ್ದು ನಿಂತ.

“ಎದ್ದರು!” ಹೆಡ್‌ಮಾಸ್ತರರ ದನಿ ನಡುಗಿತು. “ಕಂಬದ ಹಿಂದೆ ಒಬ್ಬರು ಎದ್ದರು!”

ಎಲ್ಲರೂ ತಿರುಗಿದರು. ಇಷ್ಟು ಹೊತ್ತಾದರೂ ಯಾರೂ ಹಾಡುತ್ತಿಲ್ಲವಲ್ಲ ಎಂದು ಲಿಫ್ಟಪ್ಪನಿಗೆ ಕಸಿವಿಸಿಯಾಯಿತು. ಯಾರಾದರೂ ಶುರುಮಾಡಬೇಕಲ್ಲ ಎಂದು ಅವನೇ ಗಟ್ಟಿಯಾಗಿ ಶುರುಮಾಡಿದ. ಒಂದು ತಿಂಗಳ ಸಂಬಳ ಕೊಟ್ಟದ್ದಲ್ಲದೆ ಸಂತೋಷ ತಡೆಯಲಾರದೆ ಹಾಡುತ್ತಿರುವ ಮನುಷ್ಯನನ್ನು ಕಂಡು ಸಭೆಯ ಎದೆ ಒಡೆಯಿತು. ನಡುವಿನ ಬೆಂಚಿನ ನರ್ಸಮ್ಮ ಬಿಕ್ಕುತ್ತ ಎದ್ದರು. ಅವರನ್ನು ನೋಡಿ ಬ್ಯಾಂಕಿನವರು ಎದ್ದರು. ಲಿಫ್ಟಿನವನೇ ಎದ್ದಿರುವಾಗ ನಾವು ಕೂತಿದ್ದರೆ ಜನ ಏನೆಂದಾರು ಎಂದು ಮುಂದಿನ ಬೆಂಚುಗಳು ಒಬ್ಬೊಬ್ಬರಾಗಿ, ಹಲ್ಲು ಕಚ್ಚಿಕೊಂಡು ಎದ್ದವು. ಕೀರ್ತನೆ ಇಷ್ಟು ಜನರನ್ನು ಎಬ್ಬಿಸಿದ್ದು ಕಂಡು ಲಿಫ್ಟಪ್ಪ ಎರಡನೆಯ ಚರಣವನ್ನು ಇನ್ನೂ ಎತ್ತರದಲ್ಲಿ ತೆಗೆದುಕೊಂಡ.

ಏನಾಯಿತೆಂದು ಅವನಿಗೆ ತಿಳಿದದ್ದು ಹೊರಬಾಗಿಲಲ್ಲಿ, ಹೆಡ್‌ಮಾಸ್ತರರು ಅವನ ಎರಡೂ ಕೈ ಹಿಡಿದುಕೊಂಡಾಗ. ಹೋದ ವಾರದವರೆಗೆ ‘ಏಯ್ ಲಿಫ್ಟಪ್ಪ’ ಎನ್ನುತ್ತಿದ್ದವರು.

“ಲಿಫ್ಟಪ್ಪನವರೇ! ಒಂದು ತಿಂಗಳ ಸಂಬಳ! ನೀವು ಮನುಷ್ಯರಲ್ಲ ಕಣ್ರೀ!”

ಲಿಫ್ಟಪ್ಪನಿಗೂ ಆಗ ತಾನು ಮನುಷ್ಯನಲ್ಲವೇನೋ ಎನ್ನಿಸಿತು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಅವನ ಹೆಂಡತಿ ಹೊಲಿಗೆ ಮಾಡುತ್ತಿದ್ದಳು. ಶಾಲೆಯ ಸಮವಸ್ತ್ರಗಳ ರಾಶಿಯನ್ನು ಕಾಲಲ್ಲಿ ತುಳಿಯುವ ಹಳೆಯ ಮಿಷಿನ್ನಿನಲ್ಲಿ ಹೊಲಿದು ಹೊಲಿದು ಅವಳ ಮೊಣಕಾಲು ಎರಡೂ ಹೋಗಿದ್ದವು. ಕಾಲು ಚಾಚಲು ಜಾಗ ಬೇಕೆಂದು ಆರಾಧನೆಯಲ್ಲೂ ಗಂಡನ ಪಕ್ಕ ಕೂರದೆ ದೂರದ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಇನ್ನೊಂದು ವರ್ಷ ತುಳಿದರೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಗಂಡ ಹೆಂಡತಿ ಸೇರಿ ಕರೆಂಟಿನ ಮಿಷಿನ್ನಿಗೆಂದು ಹಿಟ್ಟಿನ ಡಬ್ಬಿಯೊಳಗೆ ಹಣ ಕೂಡಿಡುತ್ತಿದ್ದರು. ಅರ್ಧದಷ್ಟು, ಎಂದರೆ ಸರಿಸುಮಾರು ಅವನ ಒಂದು ತಿಂಗಳ ಸಂಬಳದಷ್ಟು, ಡಬ್ಬಿಯಲ್ಲಿತ್ತು. ಉಳಿದರ್ಧಕ್ಕೆ ಲಿಫ್ಟಪ್ಪ ಕಚೇರಿಯಲ್ಲಿ ಮುಂಗಡ ಕೇಳಿದ್ದ.

ಅಂದು ಮನೆಗೆ ಬಂದವಳೇ ಬೀಗ ತೆಗೆದು, ಮಿಷಿನ್ನಿನ ಮುಂದಿನ ಕುರ್ಚಿಯಲ್ಲಿ ಕೂತು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದಳು.

“ನನ್ನ ಒಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿಮ್ಗೆ?”

“ಅದು ಹಾಗಲ್ಲ ಕಣೇ. ನಾನು ಎದ್ದಿದ್ದು…”

“ಡಬ್ಬೀಲಿರೋದು ಅಷ್ಟೂ ಹೋಗತ್ತೆ. ಗೊತ್ತಿದ್ದೇ ಎದ್ರಲ್ಲ?”

“ಗೊತ್ತಿದ್ದು ಅಂದ್ರೆ…”

ಅವಳು ಎಣ್ಣೆಯ ಕೈಯನ್ನು ಹಾಗೆಯೇ ಹಿಡಿದು ಗೋಡೆ ನೋಡಿದಳು. “ನರ್ಸಮ್ಮ ಇವತ್ತು ನನ್ನ ಪಕ್ಕದಲ್ಲಿ ಬಂದು ಕೂತ್ಕೊಂಡ್ರು ಕಣ್ರೀ. ಕೈ ಹಿಡ್ಕೊಂಡ್ರು. ಇಷ್ಟು ವರ್ಷ ಅವರ ಬ್ಲೌಸ್ ಹೊಲ್ದಿದೀನಿ, ಅಳತೆ ಟೇಪು ಹಿಡಿದಾಗ ಬಿಟ್ರೆ ಹತ್ರಾನೇ ಬಂದಿರ್ಲಿಲ್ಲ.” ಮತ್ತೆ ಎಣ್ಣೆ ತಿಕ್ಕುತ್ತ ಅಂದಳು: “ಮಿಷಿನ್ನು ಕಾಯತ್ತೆ ಬಿಡಿ. ಕಾಲು ಹೇಗೋ ತುಳಿಯತ್ತೆ.”

ಗಂಡನ ತಪ್ಪಿನ ಮೇಲೆ ಕೋಪ ಬಂದ ಹೆಂಡತಿಗೆ ಸಮಾಧಾನ ಹೇಳುವುದು ಲಿಫ್ಟಪ್ಪನಿಗೆ ಗೊತ್ತಿತ್ತು. ಗಂಡನ ತಪ್ಪಿನ ಮೇಲೆ ಹೆಮ್ಮೆ ಬಂದ ಹೆಂಡತಿಗೆ ಏನು ಹೇಳಬೇಕೆಂದು ಯಾವ ಗಂಡಸಿಗೂ ಗೊತ್ತಿಲ್ಲ.

ದಾನದ ಸುದ್ದಿಗೆ ಕಾಲಿರುವುದಿಲ್ಲ, ಚಕ್ರವಿರುತ್ತದೆ. ಸಂಜೆಯೊಳಗೆ ಬಾಮೈದ ಬಂದ. ವ್ಯಾಪಾರ ಮಾಡುತ್ತೇನೆಂದು ಯಾವಾಗಲೂ ಹೇಳುತ್ತ, ಯಾವ ವ್ಯಾಪಾರವೆಂದು ಯಾವಾಗಲೂ ಹೇಳದ ಯುವಕ. ಅಕ್ಕನಿಗಿಂತ ಮೊದಲು ಭಾವನ ಕಾಲು ಮುಟ್ಟಿದ.

“ಭಾವ, ಎಷ್ಟು ಗುಟ್ಟಾಗಿ ಇಟ್ಟಿದ್ರಿ! ಯಾರ್ದು, ನಿಮ್ಮ ಚಿಕ್ಕಪ್ಪಂದಾ ಆಸ್ತಿ?”

“ಯಾವ ಆಸ್ತೀನೋ? ಇರೋದು ಆ ಹಿಟ್ಟಿನ ಡಬ್ಬಿ.”

“ಅಷ್ಟು ಕೊಡೋನ ಹತ್ರ ಅದರ ಹತ್ತರಷ್ಟು ಇರತ್ತೆ ಅನ್ನೋದು ಲೋಕಕ್ಕೇ ಗೊತ್ತು ಭಾವ. ದೇವರಿಗೆ ಕೊಟ್ಟ ಮೇಲೆ ಮಿಕ್ಕಿದ್ದನ್ನ ಮನೆಯೋರಿಗೆ ಕೊಟ್ರೆ ಆಯ್ತು. ನಂಗೇನೂ ಅವಸರ ಇಲ್ಲ. ಬುಧವಾರ ಬರ್ಲಾ?”

“ಬುಧವಾರ ಬಾ,” ಅಂದಳು ಅಕ್ಕ ಒಳಗಿನಿಂದ. “ಇನ್ನೂರು ಅಂಗಿಗೆ ಕಾಜಾ ಹೊಲೀಬೇಕು. ಸೂಜಿ ನಾನೇ ಕೊಡ್ತೀನಿ.”

ಬಾಮೈದ ಬುಧವಾರ ಬರಲಿಲ್ಲ.

ಸೋಮವಾರ ಕಚೇರಿಯಲ್ಲಿ ಲೆಕ್ಕಾಧಿಕಾರಿಗಳು ಲಿಫ್ಟ್ ಹತ್ತಿದರು. ತಾವು ಹತ್ತಿದ ಮೇಲೆ ಬೇರೆ ಯಾರೂ ಹತ್ತಕೂಡದೆಂಬುದು ಅವರ ನಿಯಮ. ಅವರ ಘನತೆಯೊಂದೇ ಆರು ಜನರ ಜಾಗ ಹಿಡಿಯುತ್ತಿತ್ತು.

“ಏನಪ್ಪಾ, ನಿನ್ನ ಮುಂಗಡದ ಅರ್ಜಿ ನನ್ನ ಮೇಜಿನ ಮೇಲಿದೆ.”

“ಹೌದು ಸರ್. ಮನೆಯವಳಿಗೆ ಮಿಷಿನ್ನು…”

“ತಿಂಗಳ ಸಂಬಳ ಪೂರ್ತಿ ದಾನ ಮಾಡ್ದೆಯಂತೆ? ನನ್ನ ಡ್ರೈವರ್ ಹೇಳ್ದ.”

“ಅದು ಸರ್, ಅದೊಂದು…”

“ಒಳ್ಳೇದಪ್ಪಾ, ಬಹಳ ಒಳ್ಳೇದು. ಆದ್ರೆ ನಾನೂ ಯೋಚ್ನೆ ಮಾಡ್ಬೇಕಲ್ಲ. ಮುಂಗಡ ಇರೋದು ಕಷ್ಟದಲ್ಲಿರೋರಿಗೆ. ಸಂಬಳ ಇಲ್ದೆ ತಿಂಗಳು ಕಳೆಯೋನಿಗೆ ಏನು ಕಷ್ಟ? ನಾನೇ ಸಂಬಳ ಇಲ್ದೆ ಒಂದು ವಾರ ಇರಲಾರೆ!” ಅವರು ಸಂತೋಷದಿಂದ ನಕ್ಕರು. “ನಾಲ್ಕನೇ ಮಹಡಿ.”

ಅರ್ಜಿ ಅಲ್ಲಿಗೆ ಮುಗಿಯಿತು. ಬಡವ ಕೇಳಿದರೆ ದುರಾಸೆ, ಕೊಟ್ಟರೆ ಕೊಬ್ಬು. ಅವನು ಏನೂ ಮಾಡದೆ ಸುಮ್ಮನೆ ಸ್ಟೂಲಿನ ಮೇಲೆ ಕೂತಿದ್ದರೆ ಮಾತ್ರ ಲೋಕಕ್ಕೆ ಅವನು ಸರಿಯಾಗಿ ಅರ್ಥವಾಗುತ್ತಾನೆ.

ಈಗ ಡಬ್ಬಿಯೂ ಹೋಗುವುದರಲ್ಲಿತ್ತು, ಮುಂಗಡವೂ ಹೋಯಿತು. ಲಿಫ್ಟಪ್ಪ ಗಟ್ಟಿ ಮನಸ್ಸು ಮಾಡಿ ಅಯ್ಯನವರ ಕೋಣೆಗೆ ಹೋದ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋದ. ಅಯ್ಯನವರು ಒಬ್ಬರೇ ಕೂತು ಚಹಾ ಕುಡಿಯುತ್ತಿದ್ದರು. ಅವನನ್ನು ಕಂಡು ಎದ್ದು ಬಂದು, ತಮ್ಮ ಬಟ್ಟಲಿನ ಚಹಾವನ್ನೇ ಇನ್ನೊಂದು ಬಟ್ಟಲಿಗೆ ಅರ್ಧ ಸುರಿದು ಕೊಟ್ಟರು.

“ಕೂತ್ಕೊಳ್ಳಿ. ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು ಅಂತಿದ್ದೆ. ಬೇರೆಯವರಿಗೆ ಕೇಳಿ ಕೇಳಿ ನಂಗೆ ನನ್ನ ಮೇಲೇ ಬೇಜಾರಾಗಿತ್ತು. ಪೀಠ ಹತ್ತಿದ್ರೆ ಸಾಕು, ಜನ ಜೇಬು ಮುಟ್ಕೊಳ್ತಿದ್ರು. ದೇವರ ಮಾತು ಹೇಳೋಕೆ ಬಂದೋನು ವಸೂಲಿ ಮಾಡೋನಾಗ್ಬಿಟ್ನಲ್ಲ ಅಂತ. ಈ ಕೆಲಸಾನೇ ಬಿಟ್ಬಿಡೋಣ ಅಂತ ಇದ್ದೆ.” ಅವರು ಅವನ ಕಡೆ ನೋಡಿದರು. “ಅವತ್ತು ನೀವು ಎದ್ರಲ್ಲ. ಯಾರೂ ಕರೀದೆ, ಯಾರನ್ನೂ ನೋಡ್ದೆ.”

ಯಾರನ್ನೂ ನೋಡದೆ! ಲಿಫ್ಟಪ್ಪ ಬಟ್ಟಲನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ.

“ಏನೋ ಹೇಳೋಕೆ ಬಂದಿದ್ರಿ?”

“ಚಹಾ ಚೆನ್ನಾಗಿದೆ ಅಯ್ಯನವರೇ,” ಅಂದ ಲಿಫ್ಟಪ್ಪ.

ಇನ್ನು ಉಳಿದಿದ್ದವರು ಒಬ್ಬರೇ. ನಿಜ ಏನೆಂದು ಗೊತ್ತಿರಬಹುದಾದ ಏಕೈಕ ಮನುಷ್ಯ, ಮರದ ಸಾಹುಕಾರರು. ಅವರನ್ನು ಹೋಗಿ ಕಾಣುವ ಧೈರ್ಯ ಲಿಫ್ಟಪ್ಪನಿಗೆ ಇರಲಿಲ್ಲ. ಅದೃಷ್ಟಕ್ಕೆ, ಆ ವಾರದ ಕೊನೆಯಲ್ಲಿ ಏನೋ ಟೆಂಡರಿನ ಕೆಲಸಕ್ಕೆ ಅವರೇ ಕಚೇರಿಗೆ ಬಂದು ಲಿಫ್ಟ್ ಹತ್ತಿದರು. ಅದೃಷ್ಟ ಅಲ್ಲಿಗೂ ನಿಲ್ಲಲಿಲ್ಲ. ಮೂರನೆಯ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ಕರೆಂಟು ಹೋಯಿತು.

ಫ್ಯಾನು ನಿಂತಿತು. ಜಾಲರಿಯ ಆಚೆ ಬರಿಯ ಗೋಡೆ.

“ಎಷ್ಟು ಹೊತ್ತಾಗತ್ತೆ?” ಸಾಹುಕಾರರು ಕಾಲರು ಸಡಿಲಿಸಿಕೊಂಡರು.

“ಹೇಳೋಕಾಗಲ್ಲ. ಒಂದು ಮಾತು ಹೇಳ್ಬೇಕಿತ್ತು ಸಾಹುಕಾರ್ರೇ, ಅವತ್ತು ಭಾನುವಾರ ನೀವು ಎದ್ದಿದ್ದನ್ನ ನಾನು ನೋಡ್ದೆ.”

ಸಾಹುಕಾರರ ಮುಖದ ಬಣ್ಣ ಹೋಯಿತು. “ಯಾ… ಯಾವಾಗ?”

“ಹೆಡ್‌ಮಾಸ್ತರು ಕೇಳ್ದಾಗ. ನಾನು ಯಾವಾಗ್ಲೂ ನಿಮ್ಮನ್ನೇ ನೋಡ್ತಿರ್ತೀನಿ.”

“ಯಾವಾಗ್ಲೂ?”

“ಎಷ್ಟೋ ವರ್ಷದಿಂದ. ನೀವು ಯಾವಾಗ ಏಳ್ತೀರಿ, ಯಾವಾಗ ಬಗ್ತೀರಿ, ಯಾವಾಗ ಆಚೆ ಹೋಗ್ತೀರಿ, ಎಲ್ಲ ನಂಗೆ ಬಾಯಿಪಾಠ.”

ಸಾಹುಕಾರರು ಲಿಫ್ಟಪ್ಪನ ಸ್ಟೂಲನ್ನು ಎಳೆದು ಕೂತುಬಿಟ್ಟರು. ಅದು ಅವರಿಗೆ ಸಾಲದೆ ಎರಡೂ ಕಡೆ ಚೆಲ್ಲಿಕೊಂಡರು.

“ಸುತ್ತಿಬಳಸಿ ಮಾತು ಬೇಡ. ಎಷ್ಟು ಬೇಕು ನಿಂಗೆ?”

“ಏನು ಎಷ್ಟು?”

“ಬಾಯಿ ಮುಚ್ಕೊಂಡಿರೋಕೆ ಎಷ್ಟು?”

ಲಿಫ್ಟಪ್ಪನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ಬಾಯಿ ಮುಚ್ಕೊಂಡು ಇದ್ದೂ ಇದ್ದೂ ಸಾಕಾಗಿದೆ ಸಾಹುಕಾರ್ರೇ. ಹೆಂಡ್ತಿಗೆ ಹೇಳೋಕಾಗ್ತಿಲ್ಲ, ಅಯ್ಯನವರಿಗೆ ಹೇಳೋಕಾಗ್ತಿಲ್ಲ. ನಂಗೇನೂ ಬೇಡ. ಭಾನುವಾರ ಎಲ್ಲರ ಮುಂದೆ ಎದ್ದು ನಿಂತು ಹೇಳ್ಬಿಡ್ತೀನಿ.”

“ಎಲ್ಲರ ಮುಂದೆ!”

ಕರೆಂಟು ಬಂತು. ಸಾಹುಕಾರರು ಬಾಗಿಲು ಪೂರ್ತಿ ತೆರೆಯುವ ಮೊದಲೇ ತಮಗೆ ಬೇಡದ ಮಹಡಿಯಲ್ಲಿ ಇಳಿದು, ಮೆಟ್ಟಿಲುಗಳ ಮೇಲೆ ದಡದಡನೆ ಓಡಿದರು. ಅಷ್ಟು ದೊಡ್ಡ ಮನುಷ್ಯರು ತನ್ನ ಕಷ್ಟ ಕೇಳಿ ಇಷ್ಟೊಂದು ನೊಂದುಕೊಂಡರಲ್ಲ ಎಂದು ಲಿಫ್ಟಪ್ಪನಿಗೆ ಕಣ್ಣು ತುಂಬಿತು.

ಆ ಭಾನುವಾರ ಎದ್ದವರೆಲ್ಲ ತಂದು ಒಪ್ಪಿಸುವ ದಿನ. ಲಿಫ್ಟಪ್ಪನ ಹೆಂಡತಿ ಡಬ್ಬಿಯನ್ನೇ ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಲಿಫ್ಟಪ್ಪ ಕಂಬದ ಹಿಂದೆ ಕೂತು ಪಕ್ಕಕ್ಕೆ ಇಣುಕಿದ. ಬೆನ್ನು ಇರಲಿಲ್ಲ. ಸಾಹುಕಾರರು ಅವನ ಕಣ್ಣಿಗೆ ಬೀಳಬಾರದೆಂದು, ಬಾಗಿಲ ಬಳಿಯ ವಿನಯವನ್ನು ಬಿಟ್ಟು, ಮೊಟ್ಟಮೊದಲ ಬೆಂಚಿಗೆ ಹೋಗಿ ಕೂತಿದ್ದರು. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ಹೇಳುವವರು ಅವನಿಗೆ ಇನ್ನು ಯಾರೂ ಇಲ್ಲ.

ಹೆಡ್‌ಮಾಸ್ತರರು ಮೇಜಿನ ಮೇಲೆ ಮಖಮಲ್ಲಿನ ಚೀಲವಿಟ್ಟು ನಿಂತರು. “ಮೊದಲು ಯಾರು ಬರ್ಬೇಕು ಅಂತ ನಾನು ಹೇಳ್ಬೇಕಾ?”

ಲಿಫ್ಟಪ್ಪ ಎದ್ದ. ಕಂಬದ ಹಿಂದಿನಿಂದ ಹೊರಗೆ ಬಂದು ನಡುವಿನ ದಾರಿಯಲ್ಲಿ ನಿಂತ. ಅವನ ಇಡೀ ಆಕಾರವನ್ನು ಸಭೆಯ ಎಷ್ಟೋ ಜನ ಅಂದೇ ಮೊದಲು ನೋಡಿದ್ದು.

“ಅವತ್ತು ನಡೆದ ಒಂದು ವಿಷಯ ಎಲ್ಲರ ಮುಂದೆ ಹೇಳ್ಬೇಕು…”

“ಮರ ನಾನು ಕೊಡ್ತೀನಿ!” ಮೊದಲ ಬೆಂಚಿನಿಂದ ಸಾಹುಕಾರರು ಚಿಮ್ಮಿ ಎದ್ದರು. “ಚಾವಣಿಗೆ ಬೇಕಾದ ಮರ! ಲಾಭ ಕಮ್ಮಿ ಮಾಡ್ಕೊಂಡು!”

ಸಭೆ ತಲೆದೂಗಿತು. ಲಿಫ್ಟಪ್ಪ ಕಾದು, ಮತ್ತೆ ಶುರುಮಾಡಿದ. “ಸಂತೋಷ ಸಾಹುಕಾರ್ರೇ. ನಾನು ಹೇಳೋಕೆ ಬಂದಿದ್ದು ಏನಂದ್ರೆ, ಅವತ್ತು ಸಾಹುಕಾರ್ರು…”

“ಅಸಲಿಗೆ! ಲಾಭ ಬೇಡ, ಅಸಲಿಗೆ!”

“ಸಾಹುಕಾರ್ರು ಅವತ್ತು…”

“ಸಾಗಣೆ ಖರ್ಚೂ ನಂದೇ! ಇನ್ನೇನು ಬೇಕಯ್ಯಾ ನಿಂಗೆ?”

“ನಂಗೆ ಮಾತು ಮುಗಿಸೋಕೆ ಬಿಟ್ರೆ ಸಾಕು,” ಎಂದು ಲಿಫ್ಟಪ್ಪ ಕೈಮುಗಿದ. ಆಮೇಲೆ ಉಸಿರು ಬಿಡದೆ ಹೇಳಿ ಮುಗಿಸಿದ: “ನಾನು ದಾನ ಮಾಡೋಕೆ ಎದ್ದಿದ್ದಲ್ಲ. ಕಂಬದ ಹಿಂದೆ ನಂಗೇನೂ ಕಾಣಲ್ಲ. ಸಾಹುಕಾರ್ರು ಎದ್ರೆ ನಾನೂ ಏಳ್ತೀನಿ. ಅವತ್ತು ಅವರು ಎದ್ರು, ನಾನೂ ಎದ್ದೆ. ಕೀರ್ತನೆ ಅಂದ್ಕೊಂಡೆ. ತಪ್ಪಾಯ್ತು.”

“ಎಂಥ ದೀನತೆ!” ನರ್ಸಮ್ಮ ಕಣ್ಣೊರೆಸಿಕೊಂಡರು. “ಕೊಟ್ಟಿದ್ದನ್ನೂ ಕೊಟ್ಟೇ ಇಲ್ಲ ಅಂತಾರೆ ನೋಡಿ!”

“ಇಲ್ಲಮ್ಮಾ, ನಿಜವಾಗ್ಲೂ ತಪ್ಪಿ ಎದ್ದೆ!”

ಹೆಡ್‌ಮಾಸ್ತರರ ತಲೆ ಬೇರೆ ಕಡೆ ಓಡುತ್ತಿತ್ತು. ಜೀವನವಿಡೀ ಉತ್ತರಪತ್ರಿಕೆ ತಿದ್ದಿದ ತಲೆ. “ತಡೀರಿ. ಒಂದು ತಿಂಗಳ ಆದಾಯ ಕೊಡೋರು ಎದ್ದು ನಿಲ್ಲಿ ಅಂತ ನಾನು ಅಂದಾಗ, ಸಾಹುಕಾರ್ರು ಎದ್ರಾ?”

“ಎದ್ರು. ನನಗಿಂತ ಮೊದ್ಲೇ.”

“ಸಾಹುಕಾರ್ರೇ!” ಹೆಡ್‌ಮಾಸ್ತರರು ಎರಡೂ ಕೈ ಚಾಚಿದರು. “ಎಲ್ಲರಿಗಿಂತ ಮೊದಲು ಎದ್ದೋರು ನೀವಾ! ಒಂದು ತಿಂಗಳ ಆದಾಯ! ಡಿಪೋದ್ದು! ಇಷ್ಟು ದಿನ ಒಂದು ಮಾತೂ ಆಡ್ಲಿಲ್ವಲ್ಲ!”

ಇಡೀ ಸಭೆ ಸಾಹುಕಾರರ ಕಡೆ ತಿರುಗಿತು. ಅವರ ಮುಂದೆ ಎರಡೇ ದಾರಿಗಳಿದ್ದವು: ಎದ್ದದ್ದು ಕೊಡಲಿಕ್ಕೆ ಎನ್ನಬೇಕು, ಇಲ್ಲವೇ ಓಡಲಿಕ್ಕೆ ಎನ್ನಬೇಕು. ಮೊದಲ ಬೆಂಚಿನ ಬಳಿ ಬಾಗಿಲು ಇರಲಿಲ್ಲ. ಪಕ್ಕದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಸಾಹುಕಾರರು ಕಣ್ಣಲ್ಲೇ ಅಳೆದರು.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು. ಲಿಫ್ಟಪ್ಪನ ಹೆಂಡತಿ ಬೆಂಚು ಹಿಡಿದುಕೊಂಡು, ಒಂದೊಂದೇ ಕಾಲನ್ನು ನೇರ ಮಾಡಿಕೊಂಡು ಎದ್ದಿದ್ದಳು.

“ಇವರು ತಪ್ಪಿ ಎದ್ರು. ನಾನು ತಿಳಿದೇ ಎದ್ದಿದೀನಿ, ಸ್ವಲ್ಪ ಕೇಳಿ.” ಅವಳು ಡಬ್ಬಿಯನ್ನು ಎದೆಗೆ ಹಿಡಿದುಕೊಂಡಳು. “ಈ ಹಣ ತಂದಿದೀನಿ. ಆದ್ರೆ ಕೊಡೋಲ್ಲ. ಇದು ಮಿಷಿನ್ನಿಂದು. ನನ್ನ ಮೊಣಕಾಲೂ ದೇವರು ಕಟ್ಟಿದ್ದೇ, ಅದಕ್ಕೂ ಗೆದ್ದಲು ಹತ್ತಿದೆ. ಮೊದಲು ಅದು ರಿಪೇರಿ ಆಗ್ಲಿ. ಚಾವಣಿಗೆ ನಮ್ಮ ಕೈಲಿ ಎಷ್ಟಾಗತ್ತೋ ಅಷ್ಟು ವಾರ ವಾರ ಹಾಕ್ತೀವಿ. ಗುಂಡಿ ಮಾತ್ರ ಹಾಕಲ್ಲ. ಯಾರ ಗುಂಡಿ ಅನ್ನೋದು ಹೊಲ್ದ ನಂಗೆ ಗೊತ್ತಾಗತ್ತೆ.”

ಹಲವು ಕೈಗಳು ಹಲವು ಅಂಗಿಗಳ ಮೇಲೆ ಆಡಿದವು.

“ಇನ್ನೊಂದು ಮಾತು ಅಯ್ಯನವರೇ. ಎಬ್ಬಿಸಿ ನಿಲ್ಲಿಸಿ ಯಾಕೆ ಕೇಳ್ತೀರಿ? ಮುಂದೆ ಕೂತೋರು ಒಂದು ಭಾನುವಾರ ಹಿಂದೆ ಬಂದು ಕೂತ್ಕೊಳ್ಲಿ. ಪುಡಿ ಬೀಳೋ ಜಾಗದಲ್ಲಿ. ಪ್ರಾರ್ಥನೆ ಮಾಡ್ಲಿ. ಮಧ್ಯ ಒಂದ್ಸಲ ಕಣ್ಣು ಬಿಟ್ಟು ಮೇಲೆ ನೋಡ್ಲಿ. ಆಮೇಲೆ ಚೀಲ ಕಳಿಸಿ. ಏನೂ ಮಾತಾಡ್ಬೇಡಿ.”

ಅವಳು ಕೂತಳು. ಕೂರಲಿಕ್ಕೂ ಎದ್ದಷ್ಟೇ ಹೊತ್ತಾಯಿತು.

ಅಯ್ಯನವರು ಪೀಠದಿಂದ ಇಳಿದು ಬಂದರು. ಲಿಫ್ಟಪ್ಪನ ಎದುರು ನಿಂತು ಕೇಳಿದರು: “ಅವತ್ತು ಚಹಾ ಕುಡೀವಾಗ್ಲೇ ಇದನ್ನ ಹೇಳೋಕೆ ಬಂದಿದ್ರಾ?”

“ಹೌದು ಅಯ್ಯನವರೇ. ನಿಮ್ಮ ಮುಖ ನೋಡಿ ಆಗ್ಲಿಲ್ಲ.”

ತಾನು ಹಿಡಿದುಕೊಂಡು ನಿಂತಿದ್ದ ಏಕೈಕ ಆಧಾರ ಒಂದು ತಪ್ಪು ಎಂದು ತಿಳಿದ ಮನುಷ್ಯ ಹೇಗೆ ನಿಲ್ಲುತ್ತಾನೋ ಹಾಗೆ ಅಯ್ಯನವರು ನಿಂತಿದ್ದರು. ಆಮೇಲೆ ಸಭೆಯ ಕಡೆ ತಿರುಗಿದರು. “ಅವತ್ತು ಒಬ್ಬರನ್ನೊಬ್ಬರು ನೋಡಿ ನಿಂತೋರೆಲ್ಲ ಕೂತ್ಕೋಬಹುದು. ನಾನು ನಿಮ್ಮನ್ನ ನಿಲ್ಲಿಸ್ಬಾರ್ದಿತ್ತು. ಮುಂದಿನ ವಾರ ಆಯಮ್ಮ ಹೇಳಿದ ಹಾಗೆ ಮಾಡೋಣ.”

ಎಲ್ಲರಿಗಿಂತ ಮೊದಲು ಕೂತವರು ಸಾಹುಕಾರರು.

ಮುಂದಿನ ಭಾನುವಾರದ ಆರಾಧನೆಯನ್ನು ನಮ್ಮ ಸಭೆ ಇಂದಿಗೂ ಮರೆತಿಲ್ಲ. ಮುಂದಿನವರು ಹಿಂದೆ ಬಂದರು. ಬರುವಾಗ ಕೆಲವರು ಮೆತ್ತೆ ಹೊತ್ತುಕೊಂಡು ಬಂದರು, ಕೆಲವರು ಕೊಡೆ ತರೋಣವೆಂದು ಯೋಚಿಸಿ ನಾಚಿಕೊಂಡು ಬಿಟ್ಟಿದ್ದರು. ಕಂಬದ ಹಿಂದಿನ ಜಾಗ ಚೀಟಿ ಎತ್ತಿದಾಗ ಮರದ ಸಾಹುಕಾರರ ಪಾಲಿಗೆ ಬಂತು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಅವರು ಮಾತ್ರ ಮುಚ್ಚಲಿಲ್ಲ. ತೊಲೆಯ ಸ್ಥಿತಿಯನ್ನು ಮರದ ವ್ಯಾಪಾರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಮೆನ್ ಎನ್ನುವುದರೊಳಗೆ ಅವರ ಕಪ್ಪು ಕೋಟಿನ ಹೆಗಲು ಬೆಳ್ಳಗಾಗಿತ್ತು. ಚೀಲ ಬಂದಾಗ ಅವರು ಅದರೊಳಗೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಒಳಗೆ ಕೈಗೂ ಅವರಿಗೂ ಏನೋ ಜಗಳ ನಡೆದಂತಿತ್ತು. ಸೋಮವಾರ ಡಿಪೋದ ಲಾರಿ ಬಂದು ಮರ ಇಳಿಸಿ ಹೋಯಿತು. ಹಣ ಕೇಳಲು ಯಾರೂ ಬರಲಿಲ್ಲ. ಅದು ಭಕ್ತಿಯೋ ಭಯವೋ ಎಂದು ನಮ್ಮಲ್ಲಿ ಈಗಲೂ ವಾದವಿದೆ. ಮರಕ್ಕೆ ಆ ಭೇದ ಗೊತ್ತಿದ್ದಂತಿಲ್ಲ, ಚಾವಣಿಯನ್ನು ಗಟ್ಟಿಯಾಗಿಯೇ ಹಿಡಿದಿದೆ.

ಲೆಕ್ಕಾಧಿಕಾರಿಗಳು ಮುಂಗಡ ಕೊಡಲಿಲ್ಲ. ದಾನ ತಪ್ಪಿ ಆದದ್ದು ಎಂದು ತಿಳಿದ ಮೇಲೆ, ಇಂಥ ಗಲಿಬಿಲಿಯ ಮನುಷ್ಯನಿಗೆ ಸರ್ಕಾರದ ಹಣ ಕೊಡುವುದು ಹೇಗೆ ಎಂದರು. ಮಿಷಿನ್ನಿನ ಅಂಗಡಿಯವನು ಡಬ್ಬಿಯ ಹಣ ಇಟ್ಟುಕೊಂಡು ಉಳಿದದ್ದಕ್ಕೆ ಕಂತು ಹಾಕಿಕೊಟ್ಟ. ಕರೆಂಟಿನ ಮಿಷಿನ್ನು ಮನೆಗೆ ಬಂತು. ಮೊಣಕಾಲು ಮಾತ್ರ ಹಳೆಯದೇ.

ಆದರೆ ನಾನು ಹೇಳಬೇಕೆಂದದ್ದು ಅದೇ ಭಾನುವಾರದ ಇನ್ನೊಂದು ಸಂಗತಿ. ಜಾಗ ಅದಲುಬದಲಾದಾಗ ಲಿಫ್ಟಪ್ಪನೂ ಅವನ ಹೆಂಡತಿಯೂ ಮೊದಲ ಬೆಂಚಿನಲ್ಲಿ ಒಟ್ಟಿಗೆ ಕೂತರು. ಅಲ್ಲಿ ಕಾಲು ಚಾಚಲು ಬೇಕಾದಷ್ಟು ಜಾಗ. ಲಿಫ್ಟಪ್ಪನ ಮುಂದೆ ಕಂಬವಿಲ್ಲ, ಬೆನ್ನಿಲ್ಲ. ಅಯ್ಯನವರ ಮುಖ ಅಷ್ಟು ಹತ್ತಿರದಲ್ಲಿ ಕಾಣುತ್ತಿತ್ತು. ಅವನು ಬಾಯಿ ತೆರೆದುಕೊಂಡು ಪ್ರಸಂಗ ಕೇಳಿದ. ಇಷ್ಟು ವರ್ಷ ಇವರು ಇಷ್ಟೊಂದು ಹೇಳುತ್ತಿದ್ದರೇ ಎಂದು ಬೆರಗಾದ.

ಪ್ರಸಂಗದ ನಡುವೆ ಹೆಂಡತಿಯ ಕಾಲು ಹಿಡಿದುಕೊಂಡಿತು. ಅವಳು ಹಲ್ಲು ಕಚ್ಚಿ ಬೆಂಚಿನ ಅಂಚು ಹಿಡಿದಳು.

“ಏಳ್ತೀಯಾ ಸ್ವಲ್ಪ?” ಲಿಫ್ಟಪ್ಪ ಪಿಸುಗುಟ್ಟಿದ.

“ಮಧ್ಯದಲ್ಲಿ ಎದ್ರೆ ಏನಂದ್ಕೊಳ್ತಾರೆ ರೀ?”

“ಏನಾದ್ರೂ ಅಂದ್ಕೊಳ್ಲಿ.”

ಅವನು ಎದ್ದು ನಿಂತು ಅವಳಿಗೆ ಕೈ ಕೊಟ್ಟ. ಅವಳು ಆ ಕೈಯನ್ನು ಹಿಡಿದುಕೊಂಡು ನಿಧಾನವಾಗಿ ಎದ್ದಳು.

ಹಿಂದೆ ಏನೋ ಸದ್ದಾಯಿತು. ಮೊದಲ ಬೆಂಚು ಎದ್ದರೆ ಏಳಬೇಕೆಂಬುದು ನಮ್ಮ ಸಭೆಯ ರಕ್ತದಲ್ಲೇ ಇದೆ. ಎರಡನೆಯ ಬೆಂಚು ಎದ್ದಿತು, ಮೂರನೆಯದು ಎದ್ದಿತು, ನರ್ಸಮ್ಮ ಎದ್ದರು, ಹೆಡ್‌ಮಾಸ್ತರರು ಎದ್ದರು. ಕಂಬದ ಹಿಂದೆ ಏನೂ ಕಾಣದೆ ಕೂತಿದ್ದ ಸಾಹುಕಾರರು ಕೂಡ ಮುಂದಿನವರ ಬೆನ್ನು ನೋಡಿ, ಕೀರ್ತನೆಯ ಪುಸ್ತಕ ತಡಕುತ್ತ ಎದ್ದರು.

ಅಯ್ಯನವರು ಪ್ರಸಂಗವನ್ನು ಅರ್ಧ ವಾಕ್ಯದಲ್ಲಿ ನಿಲ್ಲಿಸಿದರು. ಎದ್ದು ನಿಂತ ಇಡೀ ಸಭೆಯನ್ನು ನೋಡಿದರು. ಮುಂದೆ, ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದ ಇಬ್ಬರನ್ನು ನೋಡಿದರು. ಯಾರಿಗೂ ಕೂರಿ ಎನ್ನಲಿಲ್ಲ. ಆ ಹೆಂಗಸಿನ ಕಾಲಿನ ನೋವು ಇಳಿಯುವವರೆಗೆ ಅವರೂ ಸುಮ್ಮನೆ ನಿಂತುಕೊಂಡರು.